ಮೂರು ಖಾಲಿ ಖಾನೆ

“ಬಾಗಿಲು ಬ್ಯಾಡ ಅಂದ್ನಲ್ಲ!” ಮಹೇಶ್ವರಪ್ಪನವರು ಗದರಿದರು.

ಬಡಗಿ ಇಮಾಮ್‌ಸಾಬ್ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡ. “ಧೂಳು ಕೂರ್ತೈತೆ ಸ್ವಾಮಿ. ಹೊನ್ನಾಳಿ ಧೂಳು ನಿಮಗೆ ಗೊತ್ತಿಲ್ದಿದ್ದಾ? ಟಿ.ವಿ. ಇಡೋ ಖಾನೆಗೆ ಎಲ್ರೂ ಬಾಗಿಲು ಮಾಡಿಸ್ತಾರೆ, ಬೀಗ ಬ್ಯಾರೆ.”

“ಟಿ.ವಿ. ಇದ್ದೋರು ಮಾಡಿಸ್ತಾರಪ್ಪ. ನಮ್ಮನೇಲಿ ಎಲ್ಲೈತೆ?”

ಇಮಾಮ್‌ಸಾಬ್ ಉಳಿ ಕೆಳಗಿಟ್ಟ. ಟಿ.ವಿ. ಇಲ್ಲದವರು ಟಿ.ವಿ. ಶೋಕೇಸು ಮಾಡಿಸುವುದನ್ನು ಅವನು ಕಂಡದ್ದು ಅದೇ ಮೊದಲು.

ಮಹೇಶ್ವರಪ್ಪನವರು ಸರ್ಕಾರಿ ನೌಕರಿಯಿಂದ ನಿವೃತ್ತರಾದವರು. ಬಾಯಿಬಿಟ್ಟು ಏನನ್ನೂ ಕೇಳದೆ ಎಲ್ಲವನ್ನೂ ಪಡೆಯುವ ವಿದ್ಯೆ ಅವರಿಗೆ ಕೈವಶವಾಗಿತ್ತು. ದಾವಣಗೆರೆಯ ಅಂಗಡಿಯೊಂದರಲ್ಲಿ ಬಿಡಿ ಪೆಟ್ಟಿಗೆಗಳನ್ನು ಬೇಕಾದಂತೆ ಜೋಡಿಸಿಕೊಳ್ಳುವ ಹೊಸ ನಮೂನೆಯ ಶೋಕೇಸು ನೋಡಿ ಬಂದಿದ್ದರು. ಒಂದರ ಮೇಲೊಂದು ಇಟ್ಟರೆ ಬೀರುವಿನಷ್ಟು ಎತ್ತರ, ಪಕ್ಕಪಕ್ಕ ಇಟ್ಟರೆ ಗೋಡೆಯ ತುಂಬ. ಅವರು ಗೋಡೆಯ ತುಂಬ ಇರುವುದನ್ನೇ ಇಮಾಮ್‌ಸಾಬನಿಂದ ಮಾಡಿಸಿದರು. ಅದೂ ಒಳಗೆ ಬಂದವರ ಕಣ್ಣು ಮೊದಲು ಬೀಳುವ ಗೋಡೆಗೆ.

ನಡುವೆ ಟಿ.ವಿ.ಗೆ ದೊಡ್ಡ ಖಾನೆ. ಎಡಕ್ಕೆ ರೇಡಿಯೊ, ಕ್ಯಾಸೆಟ್ ಎರಡೂ ಹಾಡುವ ಟೂ-ಇನ್-ಒನ್. ಬಲಕ್ಕೆ ವಿಡಿಯೊ. ಮೂರಕ್ಕೂ ಹೆಂಡತಿ ಕರಿಬಸಮ್ಮ ಹೆಣೆದ ಲೇಸಿನ ಹಾಸು. ಹಾಸಿನ ಮೇಲೆ ಏನೂ ಇಲ್ಲ. ಕರಿಬಸಮ್ಮ ಒಂದು ದಿನ ನಡುವಿನ ಖಾನೆಯಲ್ಲಿ ಚನ್ನಪಟ್ಟಣದ ಗೊಂಬೆಗಳನ್ನು ಕೂರಿಸಿದಾಗ ಮನೆಯಲ್ಲಿ ಜಗಳವೇ ಆಯಿತು.

“ಗೊಂಬೆ ಇಟ್ರೆ ತುಂಬಿದಂಗೆ ಕಾಣ್ತೈತೆ, ತೆಗಿಯೇ!”

ಗಂಡಿನ ಮನೆ ನೋಡಲು ಹೆಣ್ಣಿನ ಕಡೆಯವರು ಬರುವ ಪದ್ಧತಿ ಇದೆಯಲ್ಲ, ಶೋಕೇಸಿನ ಕೆಲಸ ಶುರುವಾಗುವುದು ಆಗಲೇ. ಮಗನ ಸಂಬಂಧಕ್ಕೆ ಮೊದಲು ನ್ಯಾಮತಿಯವರು ಬಂದರು. ಉಪ್ಪಿಟ್ಟು ತಿಂದರು, ಶೋಕೇಸಿನ ಪಾಲಿಶ್ ಹೊಗಳಿದರು, ಮತ್ತೇನೂ ಅರ್ಥವಾಗದವರಂತೆ ಬಸ್ಸು ಹತ್ತಿದರು. ಜಾತಕ ಕೂಡಿಬರಲಿಲ್ಲವೆಂದು ಅವರಿಗೆ ಕಾರ್ಡು ಹೋಯಿತು. ಆ ಜಾತಕವನ್ನು ಹೊನ್ನಾಳಿಯಲ್ಲಿ ಯಾರೂ ಬಿಚ್ಚಿರಲೇ ಇಲ್ಲ.

ಮಗ ತಿಪ್ಪೇಶ ಸವಳಂಗದಲ್ಲಿ ಮೇಷ್ಟ್ರು. ನ್ಯಾಮತಿಯ ಸಂಬಂಧ ತಪ್ಪಿದ್ದಕ್ಕೆ ಅವನಿಗೆ ಬೇಸರವಾಗಲಿಲ್ಲ. ಆದರೆ ಸೂಳೆಕೆರೆಯ ಕಡೆ ಹೋಗಿ ರುದ್ರಾಣಿಯನ್ನು ನೋಡಿ ಬಂದ ಮೇಲೆ, ಸವಳಂಗದಲ್ಲಿ ಬಸ್ಸಿಳಿಯುವುದನ್ನೇ ಮರೆಯತೊಡಗಿದ. ಇದೂ ತಪ್ಪಿದರೆ ಇನ್ನು ಯಾವ ಹೆಣ್ಣನ್ನೂ ನೋಡುವುದಿಲ್ಲ ಎಂದು ತಾಯಿಗೆ ಹೇಳಿದ. ತಂದೆಗೆ ಹೇಳುವ ಧೈರ್ಯವಿರಲಿಲ್ಲ.

ರುದ್ರಾಣಿಯ ತಂದೆ ದೊಡ್ಡಣ್ಣ ಕೆರೆಯ ನೀರಿನಲ್ಲಿ ಭತ್ತ ಬೆಳೆಯುವ ಮನುಷ್ಯ. ಮನೆ ನೋಡಲು ತಂಗಿ ಕೆಂಪಕ್ಕನನ್ನೂ ಕರೆದುಕೊಂಡು ಬಂದ. ಕೆಂಪಕ್ಕ ಒಳಗೆ ಕಾಲಿಡುತ್ತಲೇ ನಿಂತುಬಿಟ್ಟಳು.

“ಇದೇನ್ರೀ, ಮೂರೂ ಬಾಯಿ ಬಿಟ್ಕಂಡು ಕುಂತವೆ?”

“ನಾವು ಏನೂ ಕೇಳೋರಲ್ಲಮ್ಮ,” ಎಂದರು ಮಹೇಶ್ವರಪ್ಪ. “ಕಾಲ ಬಂದಾಗ ಎಲ್ಲಾ ಆಗ್ತೈತೆ.”

ತಿಪ್ಪೇಶ ನೆಲ ನೋಡುತ್ತಿದ್ದ. ದೊಡ್ಡಣ್ಣ ಕಾಫಿ ಲೋಟ ಕೆಳಗಿಟ್ಟು, ಶೋಕೇಸಿನ ಮುಂದೆ ಬಂದು ನಿಂತ.

“ಹಿಂಗೇ ಬಿಡಾಕೆ ಆಗಲ್ಲ. ಇದನ್ನ ನನಗೆ ಬಿಡ್ರಿ. ಅಳತೆ ಟೇಪು ಐತಾ?”

ಟೇಪು ತಿಪ್ಪೇಶನ ಜೇಬಿನಲ್ಲೇ ಇತ್ತು.

ದೊಡ್ಡಣ್ಣ ಪ್ರತಿ ಖಾನೆಯ ಅಗಲ ಹಿಡಿದ, ಎತ್ತರ ಹಿಡಿದ, ಟೇಪು ಸುತ್ತಿ ವಾಪಸು ಕೊಟ್ಟ. “ಪಾಲಿಶ್ ಭಾರಿ ಐತೆ. ಯಾರ ಕೈ ಕೆಲಸ?” ಎಂದೂ ಕೇಳಿದ. ಮಹೇಶ್ವರಪ್ಪ ಹೆಮ್ಮೆಯಿಂದ ಇಮಾಮ್‌ಸಾಬನ ಅಂಗಡಿಯ ಗುರುತು ಹೇಳಿದರು.

ಅವರು ಹೋದ ಮೇಲೆ ಕರಿಬಸಮ್ಮ ಮೆಲ್ಲಗೆ ಅಂದರು: “ಆಳ ಅಳೀಲೇ ಇಲ್ವಲ್ರೀ?”

“ಸುಮ್ನಿರೆ. ಬಂದೋರಿಗೆ ಕಾಣೋದು ಮುಂದಿನ ಮುಖ.”

ಅದೇ ಸಂಜೆ ಜಾತಕ ಅದ್ಭುತವಾಗಿ ಕೂಡಿಬಂತು.

ಮದುವೆಗೆ ಮೊದಲೇ ಮಾಳಿಗೆಯ ಮೇಲೆ ಆಂಟೆನಾ ಎದ್ದಿತು. ಅದರ ಉಪಯೋಗ ಸದ್ಯಕ್ಕೆ ಕಾಗೆಗಳಿಗೆ. ಭಾನುವಾರದ ಸಿನಿಮಾಕ್ಕೆ ಬನ್ನಿ ಎಂದು ಮಹೇಶ್ವರಪ್ಪ ಇಡೀ ಕೇರಿಗೆ ಹೇಳಿಬಿಟ್ಟರು. ಕೂರುವವರಿಗೆ ಎರಡು ಬೆಂಚು ಬೇಕೆಂದು ಇಮಾಮ್‌ಸಾಬನ ಅಂಗಡಿಗೆ ಹೋದರೆ, ಅವನಿಗೆ ಪುರಸೊತ್ತಿಲ್ಲ.

“ಮದ್ವೆ ಕೆಲಸ ಒಪ್ಕಂಡೀನಿ ಸ್ವಾಮಿ.”

ಮದುವೆ ಕೆರೆಯ ದಂಡೆಯ ಊರಿನಲ್ಲಿ ಗದ್ದಲವಿಲ್ಲದೆ ಮುಗಿಯಿತು. ಹೆಣ್ಣನ್ನು ಮನೆ ತುಂಬಿಸಿಕೊಳ್ಳುವ ದಿನ ಹೊನ್ನಾಳಿಯ ಆ ಕೇರಿಯಲ್ಲಿ ಯಾರೂ ತಮ್ಮ ಮನೆಯಲ್ಲಿರಲಿಲ್ಲ. ಎಲ್ಲರೂ ಚಾಪೆ ಹಾಸಿಕೊಂಡು ಶೋಕೇಸಿಗೆ ಮುಖ ಮಾಡಿ ಕುಳಿತಿದ್ದರು. ರುದ್ರಾಣಿ ಹೊಸ್ತಿಲಲ್ಲಿ ಅಕ್ಕಿಯ ಸೇರು ಒದ್ದು ಒಳಗೆ ಬಂದದ್ದನ್ನು ಕೆಲವರು ತಿರುಗಿಯೂ ನೋಡಲಿಲ್ಲ.

ಹಿಂದೆಯೇ ವ್ಯಾನು ಬಂತು. ಗೋಣಿತಾಟು ಸುತ್ತಿದ ಮೂರು ಸಾಮಾನು, ಒಂದು ದೊಡ್ಡದು, ಎರಡು ಚಿಕ್ಕವು. ಆಳುಗಳು ಕಂಕುಳಲ್ಲಿ ಇರುಕಿಕೊಂಡು ಹಗುರಾಗಿ ಇಳಿಸಿದರು.

“ಹುಷಾರು ಕಣ್ರೋ, ಒಳಗೆ ಗಾಜು ಇರ್ತೈತೆ!” ಮಹೇಶ್ವರಪ್ಪ ಕೂಗಿದರು. ಜೊತೆಯಲ್ಲಿ ಇಮಾಮ್‌ಸಾಬ್ ಸ್ಕ್ರೂಡ್ರೈವರ್ ಹಿಡಿದು ಬಂದದ್ದು ಕಂಡು ಅವರಿಗೆ ಇನ್ನೂ ಸಂತೋಷವಾಯಿತು. ಕೂರಿಸಲು ಗೊತ್ತಿದ್ದವರು ಬೇಕಲ್ಲ. ಸಾಮಾನಿಗೆ ತಾವೇ ಕುಂಕುಮ ಹಚ್ಚಿ, ಆರತಿ ಬೆಳಗಿ, ಕಾಯಿ ಒಡೆದರು. ಕೇರಿಯ ಹುಡುಗರು ಚಪ್ಪಾಳೆ ತಟ್ಟಿದರು.

ದೊಡ್ಡಣ್ಣ ಎದ್ದು ಎಲ್ಲರಿಗೂ ಕೇಳುವಂತೆ ಹೇಳಿದ: “ನಮ್ಮ ಬೀಗ್ರು ಬಾಯಿಬಿಟ್ಟು ಏನೂ ಕೇಳ್ಲಿಲ್ರಿ. ಅದು ಅವರ ದೊಡ್ಡತನ. ಆದ್ರೆ ನಾಕು ಜನ ಬಂದಾಗ ಆ ಖಾನೆಗಳು ಖಾಲಿ ಕಾಣಬಾರದು, ಅಲ್ವೇನ್ರಿ?”

“ಹೌದೌದು,” ಎಂದರು ಮಹೇಶ್ವರಪ್ಪ, ಎಲ್ಲರಿಗಿಂತ ಗಟ್ಟಿಯಾಗಿ.

ಇಮಾಮ್‌ಸಾಬ್ ಗೋಣಿತಾಟು ಬಿಚ್ಚಿದ: ತೇಗದ ಬಾಗಿಲು ಮೂರು, ಅದೇ ಪಾಲಿಶು, ಬೀಗ ಸಮೇತ, ಕೀಲಿಕೈ ಆಗಲೇ ರುದ್ರಾಣಿಯ ಸೊಂಟದಲ್ಲಿತ್ತು.