ಬ್ರೇಕಿಗೆ ಸೇರಿದ್ದ ಗಾಳಿ

ಬ್ರೇಕ್ ಆಯಿಲ್ ವಾಸನೆ ಬಂದರೆ ಈಗಲೂ ನನ್ನ ಬಲಗಾಲು ತಾನಾಗಿ ಬಿಗಿಯುತ್ತದೆ, ಮಕ್ಕಳೇ.

ನಾನು ಚಿಕ್ಕವಳಿದ್ದಾಗ ಒಂದು ದಿನ, ಹೆರಿಗೆಯಾಗಿದ್ದ ಅಮ್ಮನನ್ನೂ ಹಸುಗೂಸನ್ನೂ ಶಿವಮೊಗ್ಗದ ಆಸ್ಪತ್ರೆಯಿಂದ ಮನೆಗೆ ತರಬೇಕಿತ್ತು. ನಾನೂ ಅಪ್ಪನೂ ಕರೆತರಲು ಹೊರಟರೆ, ದಾರಿಯಲ್ಲಿ ಭದ್ರಾವತಿಯಲ್ಲೇ ಅಪ್ಪನ ಹಳೇ ಜೀಪಿನ ಬ್ರೇಕು ಕೈಕೊಟ್ಟಿತು.

ಗ್ಯಾರೇಜಿನ ಮೇಸ್ತ್ರಿ, "ಗಾಳಿ ಸೇರ್ಕೊಂಡಿದೆ ಗೌಡ್ರೇ, ಬಿಡಿಸ್ಬೇಕು" ಅಂದರು. ನಮ್ಮೂರಲ್ಲಿ ಗಾಳಿ ಸೇರುವುದೆಂದರೆ ದೆವ್ವ ಹಿಡಿಯುವುದು.

"ದೆವ್ವನಾ ಅಪ್ಪಾ?" ಅಂದೆ.

ಮೇಸ್ತ್ರಿ ನಗುತ್ತಾ ನನ್ನನ್ನು ಸ್ಟಿಯರಿಂಗ್ ಮುಂದೆ ಕೂರಿಸಿ, ತಾವು ಚಕ್ರದ ಪಕ್ಕ ಮಲಗಿದರು. "ಬ್ರೇಕ್ ಒತ್ತಿ ಹಿಡ್ಕೋ ಮಾರಾಯ್ತಿ, ಹೇಳೋವರೆಗೂ ಬಿಡ್ಬೇಡ!"

ಅವರು ನಟ್ಟು ಸಡಿಲಿಸಿದಾಗ ಪೆಡಲು ಜೀವವಿದ್ದಂತೆ ಕೆಳಗಿಳಿಯಿತು. ಆಯಿಲ್ ಗುಳ್ಳೆಗುಳ್ಳೆಯಾಗಿ ಬುಸುಗುಟ್ಟಿತು. ಅವರು ಹೇಳಿದಷ್ಟು ಸಲ ಒತ್ತಿದೆ. ಕೊನೆಗೆ ಆಯಿಲ್ ಪೈಪಿಗೆ ಸೇರಿದ್ದ ಗಾಳಿಯೆಲ್ಲ ಹೊರಹೋಗಿ ಪೆಡಲು ಕಲ್ಲಿನಂತೆ ಗಟ್ಟಿಯಾಗಿ ನಿಂತಿತು.

ಸಂಜೆ ಅಮ್ಮನನ್ನೂ ಕೂಸನ್ನೂ ಕೂರಿಸಿಕೊಂಡು ಮನೆಗೆ ಬರುವಾಗ ದಾರಿಗೆ ಎಮ್ಮೆ ಅಡ್ಡ ಬಂತು. ಜೀಪು ಮೆತ್ತಗೆ ನಿಂತಿತು. ಅಮ್ಮನ ಮಡಿಲಲ್ಲಿ ಮಲಗಿದ್ದ ಕೂಸಿನ ನಿದ್ದೆಯೂ ಕೆಡಲಿಲ್ಲ.

"ಬ್ರೇಕು ಯಾರು ರಿಪೇರಿ ಮಾಡಿದ್ದು?" ಅಮ್ಮ ಕೇಳಿದಳು.

"ನಿನ್ನ ಮಗಳು ದೆವ್ವ ಬಿಡಿಸಿದ್ಲು" ಅಂದರು ಅಪ್ಪ.

ನಾನು ಬ್ರೇಕು ಒತ್ತಿದ್ದ ನನ್ನ ಬಲಗಾಲನ್ನೇ ನೋಡುತ್ತಿದ್ದೆ.