ಆ ಸಲದ ಘಾಟು

ಗ್ರೀಸಿನ ವಾಸನೆ ಬಂದರೆ ಇಂದಿಗೂ ಬ್ಯಾಡಗಿಯ ನಮ್ಮ ಅಂಗಳ ನೆನಪಾಗುತ್ತದೆ.

ಒಂದು ವರ್ಷ ಅಪ್ಪನ ಹಳೆಯ ಕಾರಿನಲ್ಲಿ ಗಂಡನ ಊರು ಹಲಗೇರಿಯಿಂದ ಕುಲುಕುತ್ತ ಬಂದ ಮರುದಿನವೇ ಅಕ್ಕನ ಬಸಿರು ಇಳಿದುಹೋಗಿತ್ತು. ಮರುವರ್ಷ ಮತ್ತೆ ಬಸಿರಾದ ಅವಳನ್ನು ಬಾಣಂತನಕ್ಕೆ ಕರೆತರಬೇಕಿತ್ತು. ಅಪ್ಪ ಕಾರಿನ ಮುಂಭಾಗವನ್ನು ಜಾಕಿನ ಮೇಲೆತ್ತಿ, ಸವೆದ ಶಾಕ್ ಅಬ್ಸಾರ್ಬರ್, ರಬ್ಬರ್ ಬುಶ್ ಎಲ್ಲ ಕಾರು ಕುಲುಕದಿರಲೆಂದು ತಾವೇ ಬದಲಿಸಿದರು. ಆಮೇಲೆ ಒಡೆದ ಹಳೆಯ ಬುಶ್ಶನ್ನು ಗ್ರೀಸು ಮೆತ್ತಿದ ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ನೋಡತೊಡಗಿದರು.

"ಕಾರಿಂದ ಆಗಿದ್ದಲ್ಲಂತ ಡಾಕ್ಟರು ಹೇಳ್ಯಾರಲ್ರಿ," ಎಂದಳು ಅವ್ವ.

ಅಪ್ಪನ ಕಣ್ಣಿಂದ ನೀರು ಇಳಿಯುತ್ತಿತ್ತು. ಒಣಗಲು ಹರವಿದ್ದ ಮೆಣಸಿನಕಾಯಿ ತೋರಿಸಿ, "ಅದರ ಘಾಟು ಹತ್ತೇತಿ," ಎಂದರು.

ನಮ್ಮೂರ ಮೆಣಸಿನಕಾಯಿಗೆ ಬಣ್ಣವೇ ಹೊರತು ಘಾಟಿಲ್ಲವೆಂದು ಬಂದವರಿಗೆಲ್ಲ ಹೇಳುತ್ತಿದ್ದ ಅವ್ವ, ಸೆರಗಿನಿಂದ ಅವರ ಕಣ್ಣೊರೆಸುತ್ತ, "ಹೌದ್ರಿ, ಈ ಸಲ ಭಾಳ ಘಾಟು ಐತಿ," ಎಂದಳು.