ಕೊನೆಯ ದೃಶ್ಯ ಬರೆದವರು

ತುಮಕೂರಿನ ಕಾಲೇಜೊಂದರ ಸಭಾಂಗಣದಲ್ಲಿ ಹಳೆಯ ಸಿನಿಮಾ ಮುಗಿದು ದೀಪ ಹತ್ತಿತು. ಜನ ಚಪ್ಪಾಳೆ ತಟ್ಟಿದರು. ವೇದಿಕೆಯ ಮೇಲಿದ್ದ ಶಿವರಾಮಯ್ಯನವರಿಗೆ ಮೈಯೆಲ್ಲ ಉರಿಯಿತು. ಗುಬ್ಬಿಯ ಈ ಎಂಬತ್ತೆರಡರ ಮುದುಕರು ಇಪ್ಪತ್ತಾರು ಸಿನಿಮಾಗಳಿಗೆ ಕಥೆ, ಸಂಭಾಷಣೆ ಬರೆದವರು. ಇದೊಂದರ ಕೊನೆಯ ದೃಶ್ಯವನ್ನು ಮಾತ್ರ ಇವತ್ತಿಗೂ ನೋಡಲಾರರು. ಬಡಿಯುವ ಗಂಡನ ಕಾಲಿಗೆ ಬಿದ್ದು ಹೆಂಡತಿ, "ಸತ್ತರೂ ಈ ಹೊಸ್ತಿಲೊಳಗೇ ಸಾಯ್ತೀನಿ" ಅನ್ನುತ್ತಾಳೆ.

"ಇದನ್ನ ನಾನು ಬರೆದಿಲ್ಲ!" ಮೈಕ್ ಕೈಗೆ ಬಂದದ್ದೇ ಗುಡುಗಿದರು. "ನನ್ನ ಕಥೇಲಿ ಅವಳು ಮಗು ಎತ್ಕೊಂಡು ಬಸ್ ಹತ್ತಿ ಹೋಗ್ತಾಳೆ. ಸಿನಿಮಾ ನೋಡೋ ಹೆಂಗಸರು ಒಪ್ಪಲ್ಲ ಅಂತ ಪ್ರೊಡ್ಯೂಸರ್ ತಿರುಚಿಬಿಟ್ಟ. ನನ್ನ ಕಥೇನೇ ಕೊಂದ, ಕೊಲೆಗಾರ!"

ಮತ್ತೆ ಚಪ್ಪಾಳೆ. ಅದು ನಿಲ್ಲುವ ಮೊದಲೇ ಹಿಂದಿನ ಸಾಲಿನಿಂದ ಅರವತ್ತರ ಹೆಂಗಸೊಬ್ಬರು ಎದ್ದರು.

"ನಾನು ಕದರಮ್ಮ ಸಾಮಿ, ಕುಣಿಗಲ್ ಹತ್ರ ಕೊತ್ತಗೆರೆ. ನಂಗಾಗ ಆರು ವರ್ಸ. ನಮ್ಮಕ್ಕ ಗಂಡನ ಏಟು ತಾಳ್ನಾರ್ದೆ ತವರಿಗೆ ಬಂದಿದ್ಲು, ಮತ್ತೆ ಹೋಗಲ್ಲ ಅಂತ ಹಟ ಹಿಡಿದಿದ್ಲು. ನಮ್ಮಪ್ಪ ಟೆಂಟ್‌ಗೆ ಕರ್ಕೊಂಡೋಗಿ ಈ ಪಿಕ್ಚರ್ ತೋರಿಸ್ದ. 'ನೋಡಮ್ಮಿ, ಹೆಣ್ಣು ಅಂದ್ರೆ ಇವಳು' ಅಂದ. ಮಾರನೇ ದಿನ ಗಾಡಿ ಕಟ್ಟಿ ಬುಟ್ಟು ಬಂದ. ಮೂರು ತಿಂಗ್ಳಿಗೆ ಹೆಣ ತರಕ್ಕೆ ಹೋದ್ವಿ."

ಶಿವರಾಮಯ್ಯನವರ ದನಿ ಇಳಿಯಿತು. "ಅದಕ್ಕೇ ತಾಯೀ ನನಗೂ ಸಿಟ್ಟು. ಆ ಪ್ರೊಡ್ಯೂಸರ್..."

"ಅವನ್ಯಾರೋ ನಂಗೊತ್ತಿಲ್ಲ!" ಕದರಮ್ಮ ಕೂಗಿದರು. "ನಿಮ್ಮೆಸ್ರು ಗೊತ್ತು. ಪರದೆ ಮೇಲೆ ಬಂದಾಗ ನಮ್ಮಕ್ಕನೇ ಓದಿ ಹೇಳಿದ್ಲು. ನೀವು ಬರೀದಿದ್ ಮೇಲೆ ಹೆಸ್ರು ಯಾಕ್ ಬುಟ್ರಿ ಅದ್ರಲ್ಲಿ?"

ಐವತ್ತು ಚಿಲ್ಲರೆ ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಬಿಡುಗಡೆಗೆ ವಾರ ಇರುವಾಗಲೇ ಅವರು ಆ ದೃಶ್ಯ ನೋಡಿದ್ದರು. ಪ್ರೊಡ್ಯೂಸರ್ ಎದುರು ಕೂತು ಕಾಫಿ ಕುಡಿದು, ಏನೂ ಅನ್ನದೆ ಎದ್ದು ಬಂದಿದ್ದರು. ಇಷ್ಟು ಕಾಲ ಅವನ ಮೇಲೆ ಕಾರಿದ್ದ ಸಿಟ್ಟೆಲ್ಲ ಈಗ ತಮ್ಮ ಎದೆಗೇ ಒದ್ದಂತಾಯಿತು.

"ಹೆಸರು ತೆಗೀರಿ ಅಂತ ಜಗಳ ಆಡಿದ್ರೆ ಮುಂದಿನ ಪಿಕ್ಚರ್ ಸಿಗ್ತಿರಲಿಲ್ಲಮ್ಮ," ಎಂದರು ಕೊನೆಗೆ.

"ಸಿಕ್ತಾ?"

"ಸಿಕ್ತು."

"ಅದನ್ನ ನೋಡಕ್ಕೆ ನಮ್ಮಕ್ಕ ಇರ್ಲಿಲ್ಲ."